ಥೈರಾಯ್ಡ್ ಮಾತ್ರೆ ಮೊದಲು, ಕಾಫಿ ಆಮೇಲೆ: ಹೆಣ್ಣುಮಕ್ಕಳಿಗೊಂದು ಮಾರ್ಗದರ್ಶಿ

ನಮ್ಮ ಅಡುಗೆಮನೆಯಲ್ಲಿ ಕಾಫಿ ಫಿಲ್ಟರಿನ ಪಕ್ಕ ಒಂದು ಸ್ಟೀಲ್ ಡಬ್ಬಿ ಇತ್ತು. ನನ್ನ ಥೈರಾಯ್ಡ್ ಮಾತ್ರೆಯ ಬಾಟಲಿ, ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ ಎಲ್ಲವೂ ಅದರಲ್ಲೇ. ಬೆಳಿಗ್ಗೆ ಐದೂವರೆಗೆ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹಾಲು ಕಾಯಿಸಿ, ನಾಲ್ಕನ್ನೂ ಅಂಗೈಗೆ ಸುರಿದುಕೊಂಡು, ಕಾಫಿಯ ಮೊದಲ ಗುಟುಕಿನ ಜೊತೆ ನುಂಗಿಬಿಡುತ್ತಿದ್ದೆ. ಒಂದೇ ಸಲಕ್ಕೆ ಮುಗಿಯಿತಲ್ಲ ಎಂಬ ಸಮಾಧಾನ ಬೇರೆ. ಎರಡು ವರ್ಷದಲ್ಲಿ ನನ್ನ ಡೋಸ್ 50 ಮೈಕ್ರೋಗ್ರಾಂನಿಂದ 75, 100, ಕೊನೆಗೆ 125ಕ್ಕೆ ಏರಿತು. ಟಿಎಸ್‌ಎಚ್ ಮಾತ್ರ 11ರ ಆಸುಪಾಸಿನಿಂದ ಕದಲಲಿಲ್ಲ; ಥೈರಾಯ್ಡ್ ಕುಂದಿದಷ್ಟೂ ಏರುವ ಈ ರಕ್ತಪರೀಕ್ಷೆಯ ಅಂಕಿ ಸುಮಾರು ನಾಲ್ಕರೊಳಗೆ ಇರಬೇಕಿತ್ತು. ಪ್ರತಿ ಸಲವೂ ವೈದ್ಯರು ವರದಿ ನೋಡಿದರು, ಡೋಸ್ ಏರಿಸಿದರು. ನಾನೂ ತಲೆಯಾಡಿಸಿ ಬಂದೆ.

ಆಮೇಲೆ ಸಿಕ್ಕ ವೈದ್ಯೆಯೊಬ್ಬರು ವರದಿಯನ್ನು ಪಕ್ಕಕ್ಕಿಟ್ಟು, "ಬೆಳಿಗ್ಗೆ ಎದ್ದಾಗಿನಿಂದ ತಿಂಡಿಯವರೆಗೆ ಏನೇನು ಮಾಡುತ್ತೀರಿ, ಸಾಲಾಗಿ ಹೇಳಿ ಅಮ್ಮಾ" ಎಂದರು. ಹೇಳಿದೆ. ಅವರು ನಕ್ಕರು. ಡೋಸನ್ನು ಮುಟ್ಟಲೇ ಇಲ್ಲ, ಹೊತ್ತನ್ನು ಬದಲಿಸಿದರು. ಎಂಟು ವಾರ ಕಳೆದು ಟಿಎಸ್‌ಎಚ್ 0.2ಕ್ಕೆ ಇಳಿದಿತ್ತು, ಅಂದರೆ ಈಗ ಮಾತ್ರೆ ಹೆಚ್ಚಾಗಿತ್ತು. ಇವತ್ತು ನಾನು 88 ಮೈಕ್ರೋಗ್ರಾಂನಲ್ಲಿ ಆರಾಮವಾಗಿದ್ದೇನೆ. ಥೈರಾಯ್ಡ್ ಕುಂದಿದ ಹೆಣ್ಣುಮಕ್ಕಳ ಚಿಕಿತ್ಸೆ ಕೆಡುವುದು ಹೆಚ್ಚಾಗಿ ಔಷಧ ಅಂಗಡಿಯಲ್ಲಲ್ಲ, ಅಡುಗೆಮನೆಯಲ್ಲಿ. ಆದ್ದರಿಂದ ಈ ಬರಹದಲ್ಲಿ ಆ ಕಡೆಗೇ ಹೆಚ್ಚು ಗಮನ. ನಾನು ವೈದ್ಯೆಯಲ್ಲ; ಡೋಸಿನ ತೀರ್ಮಾನ ನಿಮ್ಮ ವೈದ್ಯರದ್ದೇ.

ಮೊದಲ ಹೆಜ್ಜೆ: ವರದಿಯನ್ನು ಓದಲು ಕಲಿಯಿರಿ

ಶಾಲೆಗೆ ಹೊತ್ತಾದರೂ ಏಳದ ಮಗನನ್ನು ತಾಯಿ ಎಬ್ಬಿಸುವುದನ್ನು ನೆನೆಸಿಕೊಳ್ಳಿ. ಮಗ ಹೊದ್ದು ಮಲಗಿದಷ್ಟೂ ತಾಯಿಯ ದನಿ ಏರುತ್ತದೆ. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಆ ಮಗ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಆ ತಾಯಿ. ಟಿಎಸ್‌ಎಚ್ ಎಂದರೆ ತಾಯಿಯ ದನಿ. ಗ್ರಂಥಿ ಸೋಮಾರಿಯಾದಷ್ಟೂ ಟಿಎಸ್‌ಎಚ್ ಏರುತ್ತದೆ. ವಯಸ್ಕರಲ್ಲಿ ಅದು ಸುಮಾರು 0.4ರಿಂದ 4ರೊಳಗೆ ಇರಬೇಕು. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಈ ಗಡಿ ತುಸು ಬದಲಾಗುವುದರಿಂದ ನಿಮ್ಮ ವರದಿಯಲ್ಲಿ ಅಚ್ಚಾಗಿರುವ ಗಡಿಯನ್ನೇ ನೋಡಿ.

ಟಿಎಸ್‌ಎಚ್ ಜೊತೆಗೆ ಫ್ರೀ ಟಿ4, ಅಂದರೆ ಗ್ರಂಥಿ ತಯಾರಿಸುವ ಹಾರ್ಮೋನಿನ ರಕ್ತದಲ್ಲಿರುವ ಮಟ್ಟವೂ ಬೇಕು. ಟಿಎಸ್‌ಎಚ್ ಏರಿ ಫ್ರೀ ಟಿ4 ಇಳಿದಿದ್ದರೆ ಅದು ಸ್ಪಷ್ಟವಾದ ಹೈಪೋಥೈರಾಯ್ಡಿಸಮ್, ಅಂದರೆ ಥೈರಾಯ್ಡ್ ಕುಂದಿದ ಸ್ಥಿತಿ. ಮಾತ್ರೆ ಬೇಕೇ ಬೇಕು. ಟಿಎಸ್‌ಎಚ್ ಮಾತ್ರ ಏರಿ ಫ್ರೀ ಟಿ4 ಸರಿಯಾಗಿದ್ದರೆ ಅದು ಗಡಿಯ ಮೇಲಿನ ಸ್ಥಿತಿ. ಅಂಥವರಲ್ಲಿ ಟಿಎಸ್‌ಎಚ್ 10ನ್ನು ದಾಟಿದ್ದರೆ ಸಾಮಾನ್ಯವಾಗಿ ಮಾತ್ರೆ ಶುರುಮಾಡುತ್ತಾರೆ. ವರದಿಯ ಗಡಿ ದಾಟಿ ಹತ್ತರೊಳಗೆ ಇದ್ದರೆ ಅವಸರ ಬೇಡ. ಎರಡು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಎಷ್ಟೋ ಸಲ ಅದು ತಾನಾಗಿಯೇ ಇಳಿದಿರುತ್ತದೆ. ಎಪ್ಪತ್ತು ದಾಟಿದ ಅಜ್ಜಿಯರಲ್ಲಿ ಟಿಎಸ್‌ಎಚ್ ಸ್ವಲ್ಪ ಮೇಲಿರುವುದು ವಯಸ್ಸಿನ ಸಹಜ ಗುಣ. ಆದರೆ ಗರ್ಭಿಣಿಯರಿಗೆ, ಮಗುವಿಗಾಗಿ ಪ್ರಯತ್ನಿಸುತ್ತಿರುವವರಿಗೆ ಈ ತಾಳ್ಮೆ ಸಲ್ಲದು; ಅವರ ಲೆಕ್ಕವೇ ಬೇರೆ.

ಆ್ಯಂಟಿ ಟಿಪಿಒ ಎಂಬ ಪರೀಕ್ಷೆಯನ್ನು ಒಮ್ಮೆ ಮಾಡಿಸಿದರೆ ಸಾಕು. ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬಿದ್ದಿದೆಯೇ ಎಂದು ಅದು ಹೇಳುತ್ತದೆ. 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ವಿವರಿಸಿದ ಕಾಯಿಲೆ ಇದೇ; ಗಂಡಸರಿಗಿಂತ ಹೆಂಗಸರನ್ನೇ ಇದು ಹೆಚ್ಚಾಗಿ ಹಿಡಿಯುತ್ತದೆ. ಕತ್ತಿನಲ್ಲಿ ಗಂಟು ಅಥವಾ ಊತ ಇಲ್ಲದಿದ್ದರೆ ಸ್ಕ್ಯಾನಿಂಗ್ ಬೇಕಿಲ್ಲ.

ಪರೀಕ್ಷೆಯ ದಿನ ಎರಡು ಎಚ್ಚರ. ರಕ್ತ ಕೊಟ್ಟ ಮೇಲೆಯೇ ಅಂದಿನ ಮಾತ್ರೆ ನುಂಗಿ. ಎರಡನೆಯದು ಬಯೋಟಿನ್ ಎಂಬ ವಿಟಮಿನ್. ಕೂದಲು ಉದುರುತ್ತದೆಂದು ನಾವೆಲ್ಲ ತಿನ್ನುವ ಮಾತ್ರೆಗಳಲ್ಲಿ ಅದು ಇರುತ್ತದೆ. ರಕ್ತ ಪರೀಕ್ಷೆಯ ಯಂತ್ರವನ್ನು ದಾರಿ ತಪ್ಪಿಸಿ ಸುಳ್ಳು ಅಂಕಿ ತೋರಿಸಬಲ್ಲದು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ. ಥೈರಾಯ್ಡ್ ಕುಂದಿ ಕೂದಲು ಉದುರುತ್ತದೆ, ಕೂದಲಿಗೆಂದು ಬಯೋಟಿನ್ ತಿನ್ನುತ್ತೇವೆ, ಬಯೋಟಿನ್ ಥೈರಾಯ್ಡ್ ವರದಿಯನ್ನೇ ಕೆಡಿಸುತ್ತದೆ. ಎಂಥ ಸುತ್ತು ನೋಡಿ.

ಎರಡನೆಯ ಹೆಜ್ಜೆ: ಯಾವ ಔಷಧ, ಎಷ್ಟು

1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ವೈದ್ಯ ಕುರಿಯ ಥೈರಾಯ್ಡ್ ರಸವನ್ನು 46 ವರ್ಷದ ಹೆಂಗಸೊಬ್ಬಳಿಗೆ ಚುಚ್ಚಿದ. ಮುಖ ಊದಿ, ಮಾತು ತೊದಲಿ ಮೂಲೆ ಹಿಡಿದಿದ್ದವಳು ಎದ್ದು ಓಡಾಡಿದಳು. ಮತ್ತೆ 28 ವರ್ಷ ಬದುಕಿದಳು. ನಮ್ಮ ಚಿಕಿತ್ಸೆಯ ತತ್ವ ಇಂದಿಗೂ ಅದೇ: ಗ್ರಂಥಿ ಕೊಡದ್ದನ್ನು ಹೊರಗಿನಿಂದ ಕೊಡುವುದು. ಕುರಿಯ ಬದಲು ಈಗ ಕಾರ್ಖಾನೆಯಲ್ಲಿ ತಯಾರಾಗುವ ಲೆವೊಥೈರಾಕ್ಸಿನ್ ಇದೆ, ಅಷ್ಟೇ. ಅದು ನಮ್ಮ ದೇಹವೇ ತಯಾರಿಸುವ ಟಿ4 ಹಾರ್ಮೋನಿನ ತದ್ರೂಪ. "ಹಾರ್ಮೋನ್ ಮಾತ್ರೆ ಅಭ್ಯಾಸವಾಗಿಬಿಡುತ್ತದೆ" ಎನ್ನುವ ನೆರೆಮನೆಯವರಿಗೆ ಈ ಮಾತನ್ನು ಹೇಳಿ. ಕನ್ನಡಕವೂ ಅಭ್ಯಾಸವಾಗುತ್ತದೆ, ಅದಕ್ಕೆ ಯಾರೂ ಹೆದರುವುದಿಲ್ಲ.

ಗ್ರಂಥಿ ಪೂರ್ತಿ ಕೈಕೊಟ್ಟಿದ್ದರೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ ಬೇಕಾಗುತ್ತದೆ. ಅರವತ್ತು ಕಿಲೋ ತೂಗುವವರಿಗೆ ನೂರರ ಹತ್ತಿರ. ಗ್ರಂಥಿ ಅಷ್ಟಿಷ್ಟು ಕೆಲಸ ಮಾಡುತ್ತಿದ್ದರೆ ಇದಕ್ಕಿಂತ ಕಡಿಮೆಯೇ ಸಾಕು. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ 12.5 ಅಥವಾ 25ರಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ನಿದ್ದೆಯಲ್ಲಿದ್ದ ಹೃದಯವನ್ನು ಒಮ್ಮೆಲೇ ಓಡಿಸಬಾರದು.

ಟಿ3, ಅಂದರೆ ಲಿಯೋಥೈರೋನಿನ್ ಎಂಬ ಇನ್ನೊಂದು ಮಾತ್ರೆಯಿದೆ. ಟಿಎಸ್‌ಎಚ್ ಸರಿಯಾದ ಮೇಲೂ ಸುಸ್ತು ಬಿಡದ ಕೆಲವರಿಗೆ ಹಾರ್ಮೋನು ತಜ್ಞರು ಟಿ4 ಜೊತೆ ಅದನ್ನು ಸ್ವಲ್ಪ ದಿನ ಕೊಟ್ಟು ನೋಡುವುದುಂಟು. ಎಲ್ಲರಿಗೂ ಅಲ್ಲ, ಗರ್ಭಿಣಿಯರಿಗಂತೂ ಸಲ್ಲದು, ಏಕೆಂದರೆ ಹೊಟ್ಟೆಯಲ್ಲಿರುವ ಮಗುವಿನ ಮೆದುಳಿಗೆ ಬೇಕಾದದ್ದು ತಾಯಿಯ ಟಿ4. ಪ್ರಾಣಿಗಳ ಗ್ರಂಥಿಯ ಪುಡಿಯನ್ನು "ನೈಸರ್ಗಿಕ" ಎಂದು ಅಂತರ್ಜಾಲದಲ್ಲಿ ಮಾರುತ್ತಾರೆ. ಅದರ ಗೊಡವೆ ಬೇಡ. ಕಷಾಯ, ಚೂರ್ಣ ನಂಬುವವರಿದ್ದರೆ ನಂಬಿಕೊಳ್ಳಲಿ. ಆದರೆ ಅದನ್ನು ನೆಚ್ಚಿ ಮಾತ್ರೆ ನಿಲ್ಲಿಸಿದರೆ ಮೊದಲ ಎರಡು ಮೂರು ವಾರ ಏನೂ ಆಗದಂತೆ ಕಾಣುತ್ತದೆ. ದೇಹದಲ್ಲಿ ಉಳಿದ ಹಳೆಯ ದಾಸ್ತಾನಿನಿಂದ ಆಗುವ ಮೋಸ ಅದು.

ಅಂಗಡಿಯಲ್ಲಿ ಬಾಟಲಿಯನ್ನು ತಿರುಗಿಸಿ ನೋಡಿ. 12.5 ಮತ್ತು 125 ಎರಡೂ ಸಿಗುತ್ತವೆ. ನಡುವಿನ ಚುಕ್ಕೆ ಚೀಟಿಯ ಕೈಬರಹದಲ್ಲಿ ಮಾಯವಾಗಿದ್ದರೆ ಹತ್ತು ಪಟ್ಟು ವ್ಯತ್ಯಾಸ. ಒಂದು ಕಂಪನಿಯ ಮಾತ್ರೆ ಒಗ್ಗಿದರೆ ಅದನ್ನೇ ಮುಂದುವರಿಸಿ. ಬದಲಾಯಿಸಬೇಕಾಗಿ ಬಂದರೆ ಆರು ವಾರದ ನಂತರ ಪರೀಕ್ಷೆ ಮಾಡಿಸಿ. ಬಾಟಲಿ ಒಲೆಯ ಮೇಲಿನ ಕಪಾಟಿನಲ್ಲಿ, ಸ್ನಾನದ ಮನೆಯಲ್ಲಿ ಬೇಡ. ಬಿಸಿಯೂ ತೇವವೂ ಈ ಮಾತ್ರೆಯ ಶಕ್ತಿಯನ್ನು ಕುಂದಿಸುತ್ತವೆ.

ಮೂರನೆಯ ಹೆಜ್ಜೆ: ನುಂಗುವ ಹೊತ್ತು

ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಮಾತ್ರೆಯ ಸುಮಾರು ಮುಕ್ಕಾಲು ಪಾಲು ರಕ್ತಕ್ಕೆ ಸೇರುತ್ತದೆ. ಕಾಫಿ, ಹಾಲು, ಸೋಯಾ, ನಾರಿನ ಪುಡಿ ಜೊತೆಯಾದರೆ ಆ ಪಾಲು ಇಳಿಯುತ್ತದೆ. ಕ್ಯಾಲ್ಸಿಯಂ ಮತ್ತು ಕಬ್ಬಿಣ ಕರುಳಿನಲ್ಲಿ ಈ ಹಾರ್ಮೋನಿಗೆ ಅಂಟಿಕೊಂಡು ಅದನ್ನು ಹೊರಗೆ ಸಾಗಿಸಿಬಿಡುತ್ತವೆ. ನಾನು ಎರಡು ವರ್ಷ ಮಾಡಿದ್ದು ಇದನ್ನೇ: ಔಷಧವನ್ನು ಕೊಂಡು, ಅದನ್ನು ತಡೆಯುವ ಮಾತ್ರೆಯನ್ನೂ ಕೊಂಡು, ಎರಡನ್ನೂ ಒಟ್ಟಿಗೆ ನುಂಗಿದ್ದು.

ಈಗ ನನ್ನ ಕ್ರಮ ಹೀಗಿದೆ. ಬಾಟಲಿ ಅಡುಗೆಮನೆಯಿಂದ ಹಾಸಿಗೆಯ ಪಕ್ಕಕ್ಕೆ ಬಂದಿದೆ, ಜೊತೆಗೆ ಮುಚ್ಚಿಟ್ಟ ಒಂದು ಲೋಟ ನೀರು. ಐದಕ್ಕೆ ಎಚ್ಚರವಾದ ಕೂಡಲೇ ಎದ್ದು ಕುಳಿತು ನುಂಗುತ್ತೇನೆ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಹಾಲು ತಂದು, ಸ್ನಾನ ಮುಗಿಸುವಷ್ಟರಲ್ಲಿ ಆರು ದಾಟಿರುತ್ತದೆ. ಆಮೇಲೆ ಕಾಫಿ. ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಅಂತರವಿರಲಿ. ಕ್ಯಾಲ್ಸಿಯಂ, ಕಬ್ಬಿಣ, ಆ್ಯಂಟಾಸಿಡ್‌ಗಳಿಗೆ ನಾಲ್ಕು ಗಂಟೆಯ ಅಂತರ. ಕ್ಯಾಲ್ಸಿಯಂ ಈಗ ನನ್ನ ಮಧ್ಯಾಹ್ನದ ಊಟದ ಜೊತೆಗೆ, ಕಬ್ಬಿಣಾಂಶ ಸಂಜೆ ನಿಂಬೆ ಪಾನಕದ ಜೊತೆಗೆ. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗೆ ಈ ಅಂತರದ ಉಪಾಯ ನಡೆಯುವುದಿಲ್ಲ. ಅದರ ಪರಿಣಾಮ ಇಡೀ ದಿನದ್ದು. ಅದು ದಿನವೂ ಬೇಕೇ ಎಂದು ವೈದ್ಯರನ್ನು ಕೇಳಿದೆ, ನನಗೆ ಬೇಕಿರಲಿಲ್ಲ.

ಬೆಳಿಗ್ಗೆ ಆಗುವುದೇ ಇಲ್ಲ ಎನ್ನುವವರಿದ್ದಾರೆ. ಐದಕ್ಕೇ ಗಾರ್ಮೆಂಟ್ಸ್ ವ್ಯಾನ್ ಬರುತ್ತದೆ, ಅಥವಾ ಆಸ್ಪತ್ರೆಯ ರಾತ್ರಿ ಪಾಳಿ. ಅವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದು ಮಲಗುವಾಗ ನುಂಗಬಹುದು. ಅದೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಹಾಲು ಕುಡಿದು ಮಲಗುವ ರೂಢಿಯಿದ್ದರೆ ಅದನ್ನು ಬಿಡಬೇಕು. ರಂಜಾನ್ ತಿಂಗಳಲ್ಲಿಯೂ ಈ ರಾತ್ರಿಯ ಕ್ರಮ ಅನುಕೂಲ. ಏಕಾದಶಿ, ಸಂಕಷ್ಟಿಯ ಉಪವಾಸಕ್ಕೆಂದು ಮಾತ್ರೆ ಬಿಡುವುದು ಬೇಡ; ಅದನ್ನು ನುಂಗಲು ಬೇಕಾದದ್ದೇ ಖಾಲಿ ಹೊಟ್ಟೆ.

ಒಂದು ದಿನ ಮರೆತರೆ? ನೆನಪಾದಾಗ ನುಂಗಿ. ಇಡೀ ದಿನ ಮರೆತಿದ್ದರೆ ಮರುದಿನ ಎರಡು ನುಂಗಲು ಅನೇಕ ವೈದ್ಯರು ಹೇಳುತ್ತಾರೆ. ಈ ಹಾರ್ಮೋನು ದೇಹದಲ್ಲಿ ಅರ್ಧವಾಗಲು ಸುಮಾರು ಏಳು ದಿನ ಹಿಡಿಯುವುದರಿಂದ ಒಂದು ದಿನದ ಮರೆವಿಗೆ ಗಾಬರಿ ಬೇಕಿಲ್ಲ. ಹೃದಯದ ತೊಂದರೆ ಇರುವವರು ಮಾತ್ರ ಕೇಳದೆ ದುಪ್ಪಟ್ಟು ಮಾಡಬಾರದು.

ನಾಲ್ಕನೆಯ ಹೆಜ್ಜೆ: ಆರು ವಾರ ಕಾಯುವುದು

ಕಷ್ಟದ ಹೆಜ್ಜೆ ಇದು. ಶುರುಮಾಡಿ ಹದಿನೈದು ದಿನಕ್ಕೆ ಟಿಎಸ್‌ಎಚ್ ನೋಡಿಸಿದರೆ ಹಣ ದಂಡ. ಆರರಿಂದ ಎಂಟು ವಾರ ಕಾದು ಪರೀಕ್ಷೆ. ಡೋಸ್ ಬದಲಾದರೆ ಮತ್ತೆ ಅಷ್ಟೇ ಕಾಯಬೇಕು. ನೆಲೆಗೆ ಬಂದ ಮೇಲೆ ಆರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ.

ಸುಸ್ತು, ಚಳಿ, ಮಲಬದ್ಧತೆ ಕೆಲವೇ ವಾರಗಳಲ್ಲಿ ತಗ್ಗತೊಡಗುತ್ತವೆ. ಮುಟ್ಟಿನ ಅತಿಸ್ರಾವ ಹತೋಟಿಗೆ ಬರಲು ಒಂದೆರಡು ಚಕ್ರ ಬೇಕು. ಕೂದಲಿಗೆ ತಿಂಗಳುಗಳೇ ಬೇಕು. ಇನ್ನು ತೂಕ. ಇದರ ಬಗ್ಗೆ ಸುಳ್ಳು ಭರವಸೆ ಕೊಡಲು ನನಗೆ ಇಷ್ಟವಿಲ್ಲ. ಥೈರಾಯ್ಡ್ ಒಂದರಿಂದಲೇ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕಿಲೋ, ಅದರಲ್ಲೂ ಹೆಚ್ಚಿನದು ನೀರು ಮತ್ತು ಉಪ್ಪು. ಹದಿನೈದು ಕಿಲೋ ಏರಿಸಿಕೊಂಡು ಎಲ್ಲವನ್ನೂ ಗ್ರಂಥಿಯ ತಲೆಗೆ ಕಟ್ಟಿದ್ದೆ ನಾನು. ಮಾತ್ರೆ ಇಳಿಸಿದ್ದು ಮೂರು ಕಿಲೋ. ಉಳಿದದ್ದಕ್ಕೆ ನಡೆಯಬೇಕಾಯಿತು.

ಟಿಎಸ್‌ಎಚ್ ಸರಿಹೋಗಿಯೂ ಸುಸ್ತು ಹಾಗೇ ಇದ್ದರೆ ಡೋಸ್ ಏರಿಸಿ ಎಂದು ಹಟ ಹಿಡಿಯುವ ಮೊದಲು ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ವಿಟಮಿನ್ ಬಿ12, ವಿಟಮಿನ್ ಡಿ ನೋಡಿಸಿ. ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಅಪರೂಪವಲ್ಲ.

ಐದನೆಯ ಹೆಜ್ಜೆ: ಮಗು ಬೇಕೆಂದಾಗ, ಬಸಿರಾದಾಗ

ಕಳೆದ ವರ್ಷ ಅಕ್ಕನ ಮಗಳು ಫೋನ್ ಮಾಡಿ, "ಚಿಕ್ಕಮ್ಮಾ, ಬಸಿರಾಗಿದ್ದೇನೆ. ಮಗುವಿಗೆ ತೊಂದರೆಯಾಗಬಾರದೆಂದು ಥೈರಾಯ್ಡ್ ಮಾತ್ರೆ ನಿಲ್ಲಿಸಿದೆ" ಎಂದಳು. ನಿಲ್ಲಿಸಿ ಆಗಲೇ ಐದು ದಿನವಾಗಿತ್ತು. ಒಳ್ಳೆಯ ಮನಸ್ಸಿನಿಂದ ಮಾಡುವ ತಪ್ಪುಗಳಲ್ಲಿ ಇದರಷ್ಟು ದೊಡ್ಡದು ಇನ್ನೊಂದಿಲ್ಲ. ಮೊದಲ ಮೂರು ತಿಂಗಳು ಮಗುವಿಗೆ ಸ್ವಂತದ ಥೈರಾಯ್ಡ್ ಹಾರ್ಮೋನು ಇಲ್ಲ, ತಾಯಿಯದ್ದೇ ಗತಿ. ಈ ಹೊತ್ತಿನಲ್ಲಿ ಮಾತ್ರೆ ಇಳಿಯಬಾರದು, ಏರಬೇಕು.

ಬಸಿರಿಗೆ ಯೋಜಿಸುವಾಗಲೇ ಟಿಎಸ್‌ಎಚ್ 2.5ರ ಕೆಳಗೆ ತಂದುಕೊಳ್ಳಿ. ಮುಟ್ಟು ತಪ್ಪಿ ಮನೆಯ ಪರೀಕ್ಷೆಯಲ್ಲಿ ಎರಡು ಗೆರೆ ಕಂಡರೆ ಏನು ಮಾಡಬೇಕೆಂದು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಿ. ಸಾಮಾನ್ಯ ಸಲಹೆಯೆಂದರೆ ಅಂದಿನಿಂದಲೇ ಡೋಸನ್ನು ಕಾಲು ಭಾಗದಷ್ಟು ಏರಿಸುವುದು. ಸುಲಭ ಲೆಕ್ಕದಲ್ಲಿ ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ. ನೋಂದಣಿ, ಮೊದಲ ಸ್ಕ್ಯಾನಿಂಗ್ ಎಂದು ಕಾದರೆ ಬೆಲೆಬಾಳುವ ವಾರಗಳು ಹೋಗುತ್ತವೆ. ಅರ್ಧ ಬಸಿರು ಕಳೆಯುವವರೆಗೆ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್, ಆಮೇಲೆ ಮೂವತ್ತನೆಯ ವಾರದ ಹೊತ್ತಿಗೆ ಇನ್ನೊಮ್ಮೆ.

ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನೂ ಬಿಡುವಂತಿಲ್ಲ. ಅಕ್ಕನ ಮಗಳಿಗೆ ಅವಳ ವೈದ್ಯರು ಒಪ್ಪಿದ ಪಟ್ಟಿ ಇದು, ಫ್ರಿಜ್ ಬಾಗಿಲಿಗೆ ಅಂಟಿಸಿದ್ದಳು:

ಬೆಳಿಗ್ಗೆ 6: ಥೈರಾಯ್ಡ್ ಮಾತ್ರೆ, ಬರೀ ನೀರು
7:30: ತಿಂಡಿ, ಯಾವ ಮಾತ್ರೆಯೂ ಇಲ್ಲ
ಮಧ್ಯಾಹ್ನ 1: ಊಟ, ಕ್ಯಾಲ್ಸಿಯಂ
ಸಂಜೆ 5: ಕಬ್ಬಿಣಾಂಶ, ನಿಂಬೆ ನೀರು; ಕಾಫಿ, ಚಹಾ ಇಲ್ಲ
ರಾತ್ರಿ 8:30: ಊಟ, ಎರಡನೆಯ ಕ್ಯಾಲ್ಸಿಯಂ

ಬೆಳಗಿನ ವಾಂತಿ ಕಾಡುವವರು ಮಲಗುವ ಹೊತ್ತಿಗೆ ಮಾತ್ರೆಯನ್ನು ಸರಿಸಬಹುದೇ ಎಂದು ಕೇಳಿ. ಆಗ ರಾತ್ರಿಯ ಕ್ಯಾಲ್ಸಿಯಂ ಬೇರೆ ಹೊತ್ತಿಗೆ ಹೋಗಬೇಕು.

ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಹಳೆಯ ಡೋಸಿಗೇ ಮರಳಿಸಿ, ಆರು ವಾರಕ್ಕೆ ಪರೀಕ್ಷೆ ಮಾಡುತ್ತಾರೆ. ಹಾಲೂಡಿಸಲು ಮಾತ್ರೆ ಅಡ್ಡಿಯಲ್ಲ. ಮಗುವಿನ ಹಿಮ್ಮಡಿಯಿಂದ ಹನಿ ರಕ್ತ ತೆಗೆದು ಥೈರಾಯ್ಡ್ ನೋಡುವ ಪರೀಕ್ಷೆ ಆಗಿದೆಯೇ ಎಂದು ಮನೆಗೆ ಹೊರಡುವ ಮುನ್ನ ಕೇಳಿ. ಹುಟ್ಟಿನಿಂದಲೇ ಗ್ರಂಥಿ ಕೆಲಸ ಮಾಡದ ಮಗುವಿಗೆ ಮೊದಲ ಎರಡು ವಾರದಲ್ಲೇ ಔಷಧ ಶುರುವಾದರೆ ಬುದ್ಧಿಯ ಬೆಳವಣಿಗೆ ಉಳಿಯುತ್ತದೆ.

ಬಾಣಂತನದ ಸುಸ್ತಿನ ಹಿಂದೆ

ಹಿಂದೆಂದೂ ಥೈರಾಯ್ಡ್ ತೊಂದರೆ ಇಲ್ಲದವರಿಗೂ ಹೆರಿಗೆಯಾದ ವರ್ಷದೊಳಗೆ ಗ್ರಂಥಿ ಊದಿಕೊಳ್ಳಬಹುದು. ಮೊದಲು ಎದೆ ಬಡಿತ, ಚಡಪಡಿಕೆ. ನಂತರ ಸುಸ್ತು, ಬೇಸರ, ಅಳು. ಹಲವರಲ್ಲಿ ಒಂದು ವರ್ಷದೊಳಗೆ ಸರಿಹೋಗುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ. "ಬಾಣಂತಿಗೆ ಇದೆಲ್ಲ ಇದ್ದದ್ದೇ" ಎಂಬ ಮಾತಿಗೆ ಸುಮ್ಮನಾಗದೆ ಒಂದು ಟಿಎಸ್‌ಎಚ್ ನೋಡಿಸಿ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದರೆ ಪಿಟ್ಯುಟರಿ ಗ್ರಂಥಿಗೆ ರಕ್ತ ಸಾಲದೆ ಅದು ಸೊರಗಬಹುದು. ಶೀಹಾನ್ ಸಿಂಡ್ರೋಮ್ ಎನ್ನುತ್ತಾರೆ. ಹಾಲು ಇಳಿಯುವುದೇ ಇಲ್ಲ, ಮುಟ್ಟು ಮರಳುವುದಿಲ್ಲ, ವರ್ಷಗಟ್ಟಲೆ ನಿತ್ರಾಣ. ಇಲ್ಲಿ ಟಿಎಸ್‌ಎಚ್ ಸರಿಯಾಗಿಯೇ ಕಾಣಬಹುದು, ಏಕೆಂದರೆ ದನಿ ಹೋಗಿರುವುದು ಎಬ್ಬಿಸಬೇಕಾದ ತಾಯಿಗೆ, ಅಂದರೆ ಪಿಟ್ಯುಟರಿಗೆ. ಫ್ರೀ ಟಿ4 ನೋಡಿದರೆ ಮಾತ್ರ ಸುಳಿವು ಸಿಗುತ್ತದೆ. ಇವರಿಗೆ ಮೊದಲು ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನಿನ ಕೊರತೆ ನೀಗಿಸಿ ಆಮೇಲೆ ಥೈರಾಯ್ಡ್ ಮಾತ್ರೆ ಕೊಡಬೇಕು. ಹಿಂದುಮುಂದಾದರೆ ಜೀವಕ್ಕೇ ಅಪಾಯ. ನಿಮ್ಮ ಹೆರಿಗೆಯಲ್ಲಿ ಹಲವು ಬಾಟಲಿ ರಕ್ತ ಕೊಟ್ಟಿದ್ದರೆ, ಎಷ್ಟು ವರ್ಷ ಕಳೆದಿದ್ದರೂ ವೈದ್ಯರಿಗೆ ಹೇಳಿ.

ಮುಟ್ಟು ನಿಲ್ಲುವ ವಯಸ್ಸಿನಲ್ಲಿ

ಈಗ ಅಪಾಯ ಇನ್ನೊಂದು ಬದಿಯಿಂದ. ಮಾತ್ರೆ ಹೆಚ್ಚಾದರೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಬರುವುದಿಲ್ಲ. ಇವೆಲ್ಲ ಮುಟ್ಟು ನಿಲ್ಲುವಾಗಿನ ತೊಂದರೆಗಳೂ ಹೌದಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಟಿಎಸ್‌ಎಚ್ ವರ್ಷಗಟ್ಟಲೆ ತೀರಾ ತಗ್ಗಿದ್ದರೆ ಮೂಳೆ ಸವೆಯುತ್ತದೆ, ಹೃದಯದ ಲಯ ತಪ್ಪುತ್ತದೆ. ನನಗೆ 0.2 ಬಂದಾಗ ಮೈ ಹಗುರಾಗಿತ್ತು, ಕೆಲಸ ಸರಸರ ಸಾಗುತ್ತಿತ್ತು. ಡೋಸ್ ಇಳಿಸಿದ್ದಕ್ಕೆ ಒಳಗೊಳಗೇ ಬೇಸರವೂ ಆಗಿತ್ತು. ಈಸ್ಟ್ರೋಜೆನ್ ಮಾತ್ರೆ ಶುರುಮಾಡಿದರೆ ಥೈರಾಯ್ಡ್ ಡೋಸ್ ಏರಬೇಕಾಗಬಹುದು. ಗರ್ಭನಿರೋಧಕ ಗುಳಿಗೆಗೂ ಇದೇ ಮಾತು.

ತಟ್ಟೆಯ ವಿಚಾರ, ಚಿಕ್ಕದಾಗಿ

ಎಲೆಕೋಸು, ಹೂಕೋಸು, ಮೂಲಂಗಿ ಬೇಯಿಸಿ ಧಾರಾಳವಾಗಿ ತಿನ್ನಿ. ಹಸಿ ಕೋಸಿನ ರಸವನ್ನು ಲೋಟಗಟ್ಟಲೆ ಕುಡಿಯದಿದ್ದರೆ ಸಾಕು. ರಾಗಿ ಮುದ್ದೆ ಬಿಡಬೇಕಿಲ್ಲ. ಮಾಮೂಲಿ ಅಯೋಡಿನ್ ಉಪ್ಪೇ ಇರಲಿ. 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲೆ ದೇಶದಲ್ಲಿ ಹಬ್ಬಿದ್ದು ಅದು. ಆದರೆ ಅಯೋಡಿನ್ ಹೆಚ್ಚು ತಿಂದರೆ ಹೆಚ್ಚು ಗುಣ ಎಂದುಕೊಂಡು ಸಮುದ್ರಪಾಚಿಯ ಗುಳಿಗೆ ತಿಂದರೆ ಕೆಡುಕೇ. ಉಪ್ಪಿನಿಂದ ಬಂದ ಕಾಯಿಲೆ ಇದು ಎಂದು ಹಿಮಾಲಯದ ಗುಲಾಬಿ ಉಪ್ಪಿಗೆ ಬದಲಾಯಿಸಿ ಅಯೋಡಿನ್ನನ್ನೇ ಕಳೆದುಕೊಂಡವರೂ ನಮ್ಮ ಬೀದಿಯಲ್ಲಿದ್ದಾರೆ.

ಕಾಯದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭ: ಮಾತ್ರೆ ಬಿಟ್ಟು ತಿಂಗಳುಗಳಾದವರು, ಅದರಲ್ಲೂ ವಯಸ್ಸಾದವರು, ಮಂಕಾಗಿ ಮಾತು ತಪ್ಪುತ್ತಿದ್ದರೆ, ಮೈ ತಣ್ಣಗಾಗಿ ಎಚ್ಚರ ತಗ್ಗುತ್ತಿದ್ದರೆ. ಮಾತ್ರೆ ತೆಗೆದುಕೊಳ್ಳುವವರಿಗೆ ಎದೆನೋವು ಅಥವಾ ಅಂಕೆ ತಪ್ಪಿದ ಎದೆಬಡಿತ ಬಂದರೂ ಅಷ್ಟೇ.

ಕೊನೆಯ ಹೆಜ್ಜೆ: ಒಂದು ನೋಟ್‌ಬುಕ್

ಐದು ಕಲಂ ಹಾಕಿ: ದಿನಾಂಕ, ಟಿಎಸ್‌ಎಚ್, ಫ್ರೀ ಟಿ4, ಡೋಸ್ ಮತ್ತು ಕಂಪನಿ, ಅಂದಿನ ತೂಕ. ಪಕ್ಕದಲ್ಲಿ ಹೊಸದಾಗಿ ಶುರುವಾದ ಯಾವುದೇ ಮಾತ್ರೆಯನ್ನು ಗುರುತಿಸಿ, ಅಂಗಡಿಯಿಂದ ನೀವೇ ತಂದ ವಿಟಮಿನ್ನನ್ನೂ ಸೇರಿಸಿ. ವೈದ್ಯರ ಮುಂದೆ ಆ ಪುಟವನ್ನು ತೆರೆದಿಡಿ. ನನ್ನದರಲ್ಲಿ ಮೊದಲ ಎರಡು ವರ್ಷದ ಪುಟಗಳಲ್ಲಿ ಡೋಸ್ ಮೂರು ಸಲ ಬದಲಾಗಿದೆ. ಐದನೆಯ ಸಾಲಿನಲ್ಲಿ ಡೋಸ್ ಕಲಂ ಖಾಲಿಯಿದೆ; ಆ ವೈದ್ಯೆ ತಮ್ಮ ಕೈಯಾರೆ "ಕಾಫಿ 6 ಗಂಟೆಗೆ" ಎಂದು ಬರೆದಿದ್ದಾರೆ.